ಜಟ್ಟಪ್ಪನವರ ಒಣ ಮೆಟ್ಟಿಲುಗಳು

2002ನೆಯ ಇಸವಿ ಫೆಬ್ರವರಿ ಒಂದು, ಶುಕ್ರವಾರ, ನಾನು ರೋಗಿಯೊಬ್ಬರ ನೋವನ್ನು ಸುಳ್ಳಾಗಿ ಕಡಿಮೆ ತೋರಿಸಿದ್ದೇನೆ ಎಂದು ಆಸ್ಪತ್ರೆಯ ಕಡತದಲ್ಲಿ ಬರೆಯಲಾಯಿತು. ಬರೆದವರು ನನ್ನನ್ನು ಕೇಳಲಿಲ್ಲ. ಓದಿದವರು ನನಗೆ ಹೇಳಲಿಲ್ಲ. ಆ ಸಾಲನ್ನು ಇಂದಿಗೂ ಯಾರೂ ಹೊಡೆದುಹಾಕಿಲ್ಲ. ಅದರ ಹಿಂದಿನ ಸಂಗತಿಯನ್ನು ನಡೆದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ; ನನ್ನ ತಪ್ಪನ್ನೂ ಬಿಡದೆ.

ಆಗ ನಾನು ಕುಮಟೆಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಹಿರಿಯ ಶುಶ್ರೂಷಕಿ. ವಯಸ್ಸು ಐವತ್ತೆರಡು, ಸೇವೆ ಇಪ್ಪತ್ತೆಂಟು ವರ್ಷ. 1998ರಿಂದ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕುಗಳ ಪ್ಯಾಲಿಯೇಟಿವ್ ಕೇರ್ ನನ್ನ ಪಾಲಿಗಿತ್ತು. ಗುಣವಾಗದ ಕಾಯಿಲೆಯವರ ಮನೆಗೇ ಹೋಗಿ ಅವರ ನೋವು, ವಾಕರಿಕೆ, ಹುಣ್ಣು, ನಿದ್ರೆಗಳನ್ನು ನೋಡಿಕೊಳ್ಳುವ ಕೆಲಸ ಅದು. ಯಾರೂ ಆಸೆಪಟ್ಟು ಕೇಳಿ ಪಡೆಯುವ ಕೆಲಸವಲ್ಲ. ನಮ್ಮ ಜೀಪು ಕೇರಿಯನ್ನು ಹೊಕ್ಕರೆ ಜನ ತಮ್ಮ ಮನೆಯ ಮುಂದೆ ನಿಲ್ಲದಿರಲಿ ಎಂದು ನೋಡುತ್ತಿದ್ದರು. ಮದ್ದು ಬರೆದುಕೊಡುತ್ತಿದ್ದ ಹಿರಿಯ ಅರಿವಳಿಕೆ ವೈದ್ಯರು ವಾರಕ್ಕೊಮ್ಮೆ ನನ್ನ ಟಿಪ್ಪಣಿಗಳನ್ನು ಓದಿ, ‘ನೀವು ಬರೆದ ಮೇಲೆ ನಾನು ನೋಡಿದಷ್ಟೇ ಆಯಿತು’ ಎನ್ನುತ್ತಿದ್ದರು. 2001ರ ಡಿಸೆಂಬರಿನಲ್ಲಿ ಅವರು ನಿವೃತ್ತರಾದರು.

ಜನವರಿಯಲ್ಲಿ ಡಾಕ್ಟರ್ ಸುಹಾಸ್ ಬಂದರು. ಮೂವತ್ತೊಂದು ವರ್ಷ. ಎಂ.ಬಿ.ಬಿ.ಎಸ್. ಮುಗಿಸಿ ಅಕ್ಯುಪಂಕ್ಚರ್ ಕಲಿತವರು. ಕೂದಲಿನಷ್ಟು ತೆಳ್ಳಗಿನ, ಮದ್ದಿಲ್ಲದ ಗಟ್ಟಿ ಸೂಜಿಗಳನ್ನು ದೇಹದ ಗೊತ್ತಾದ ಬಿಂದುಗಳಲ್ಲಿ ಚುಚ್ಚಿ, ಇಪ್ಪತ್ತು ನಿಮಿಷ ಹಾಗೆಯೇ ಬಿಟ್ಟು ತೆಗೆಯುವ ಚಿಕಿತ್ಸೆ ಅದು. ಸೋಮವಾರ, ಗುರುವಾರ ಭಟ್ಕಳ. ಮಂಗಳವಾರ, ಶುಕ್ರವಾರ ಹೊನ್ನಾವರ. ಬುಧವಾರ, ಶನಿವಾರ ಕುಮಟೆ. ಎರಡನೆಯ ವಾರದಿಂದಲೇ ಸರದಿಯ ಸಾಲು ಆಸ್ಪತ್ರೆಯ ಗೇಟು ದಾಟಿತು. ಭಟ್ಕಳದಲ್ಲಿ ಮೀನು ಮಾರುವ ಮುದುಕಿಯೊಬ್ಬಳಿಗೆ ನಾನು ನಾಲ್ಕು ವರ್ಷ ಮಂಡಿನೋವಿನ ಮಾತ್ರೆ ಕೊಟ್ಟಿದ್ದೆ. ಆಕೆ ಆರನೆಯ ಸಲದ ಸೂಜಿಗೆ ಕೋಲನ್ನು ಮನೆಯಲ್ಲೇ ಬಿಟ್ಟು ಬಂದಳು. ಅದನ್ನು ನಾನು ಕಣ್ಣಾರೆ ಕಂಡೆ, ಅಲ್ಲಗಳೆಯುವುದಿಲ್ಲ. ಆಕೆ ಅವರಿಗೆ ಒಂದು ಜೊತೆ ದೊಡ್ಡ, ದುಬಾರಿ ಇಸೋಣ ಮೀನು ತಂದಿದ್ದಳು. ನಾಲ್ಕು ವರ್ಷದಲ್ಲಿ ನನಗೆ ಒಂದು ಅಗ್ಗದ ಬಂಗಡೆಯೂ ಬಂದಿರಲಿಲ್ಲ.

ಜೀಪಿನ ಚಾಲಕ ಇಬ್ರಾಹಿಂ ಭಟ್ಕಳದವನು, ಮಾತಿನಲ್ಲಿ ಕುಟುಕುವುದೆಂದರೆ ಅವನಿಗೆ ಖುಷಿ. ಒಂದು ದಿನ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಹೇಳಿದ: “ಎಂತ ಮಾಡೂದು ಸಿಸ್ಟರ್? ನಿಮ್ ಸೂಜಿ ನೋಯ್ತದೆ, ಅವ್ರ ಸೂಜಿ ನೋವ್ ತೆಗೀತದೆ!”

ನಾನು ನಗಲಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಚುಚ್ಚಿದ ಸೂಜಿಗಳನ್ನೆಲ್ಲ ಆ ಒಂದು ಮಾತಿನಲ್ಲಿ ಆತ ಬುಟ್ಟಿಗೆ ಎಸೆದುಬಿಟ್ಟಿದ್ದ. ನನ್ನೊಳಗೆ ಹುಟ್ಟಿದ್ದಕ್ಕೆ ಹೊಟ್ಟೆಕಿಚ್ಚು ಎಂದೇ ಹೆಸರು. ಬೇರೆ ಹೆಸರು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಆದರೂ ಜಟ್ಟಪ್ಪನವರು ನನ್ನ ರೋಗಿ ಎಂಬ ಸಮಾಧಾನ ನನಗಿತ್ತು.

ಜಟ್ಟಪ್ಪ ಅಂಬಿಗರಿಗೆ ಅರವತ್ತೆಂಟು. ಹೊನ್ನಾವರದ ಬಂದರಿನಿಂದ ಶರಾವತಿಯ ಮೇಲಣ ಊರುಗಳಿಗೆ ನಲವತ್ತು ವರ್ಷ ದೋಣಿ ಹಾಯಿಸಿದವರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನುಮೂಳೆಗೂ ಸೊಂಟಕ್ಕೂ ಇಳಿದಿತ್ತು. ಮೂಳೆಯ ನೋವು ಅಲುಗಿದರೆ ಸಾಕು, ಕೂಗಿಸುತ್ತದೆ. ಹೆಂಡತಿ ಮಾದೇವಿಯೊಂದಿಗೆ ನದಿಯ ದಂಡೆಯಲ್ಲೇ ಅವರ ಮನೆ. ಕಿಟಕಿಯಿಂದ ನೋಡಿದರೆ ಹಳೆಯ ದೋಣಿಕಟ್ಟೆಯ ಚಿರೇಕಲ್ಲಿನ ಮೆಟ್ಟಿಲುಗಳು ಕಾಣುತ್ತಿದ್ದವು. ಅವು ಹತ್ತು.

ನೋವನ್ನು ಅಳೆಯದೆ ಮದ್ದು ಕೊಡುವಂತಿಲ್ಲ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಾಳಲಾರದ ನೋವು ಎಂದು ರೋಗಿಯಿಂದಲೇ ಅಂಕ ಹೇಳಿಸಿ ಬರೆಯುವುದು ನಮ್ಮ ಪದ್ಧತಿ. 2001ರ ಅಕ್ಟೋಬರಿನಲ್ಲಿ ಮೊದಲ ಭೇಟಿಯಲ್ಲಿ ಇದನ್ನು ಮೂರು ಸಲ ವಿವರಿಸಿದೆ. ಜಟ್ಟಪ್ಪನವರು ನನ್ನನ್ನು ಕನಿಕರದಿಂದ ನೋಡಿದರು.

“ನೋವಿಗೆ ಎಂತ ನಂಬ್ರ ಅಮ್ಮ? ನೋವಂದ್ರೆ ಹೊಳೆ ನೀರಿದ್ದಾಂಗೆ. ಭರತಿ ಬಂದ್ರೆ ಏರ್ತದೆ, ಮತ್ತೆ ಇಳೀತದೆ. ಅಲ್ಲಿ ಮೆಟ್ಲ ಕಾಣ್ತದ್ಯಲ್ಲ, ಅದ್ರಾಗೆ ಹೇಳ್ತೆ, ಆತಾ?”

“ಆಯಿತು,” ಎಂದೆ. “ಈಗ ಎಷ್ಟು ಮೆಟ್ಟಿಲು?”

“ಎರಡು.”

ಎರಡು ಎಂದರೆ ಅಲ್ಪ ನೋವು. ಆದರೆ ಅವರ ಹಣೆಯಲ್ಲಿ ಬೆವರಿತ್ತು, ಕೈ ಮಂಚದ ಪಟ್ಟಿಯನ್ನು ಬಿಗಿದಿತ್ತು. ನನಗೆ ಅನುಮಾನವಾಗಿ ಮತ್ತೆ ಕೇಳಿದೆ. ಆಗ ತಿಳಿಯಿತು. ದೋಣಿಯವರು ಮೆಟ್ಟಿಲುಗಳನ್ನು ಮೇಲಿನಿಂದ ಎಣಿಸುತ್ತಾರೆ. ದೋಣಿ ಹತ್ತಲು ಜನ ಎಷ್ಟು ಮೆಟ್ಟಿಲು ಇಳಿಯಬೇಕು, ಅಷ್ಟೇ ಅವರ ಎಣಿಕೆ. ನೀರು ತುಂಬಿದರೆ ಎರಡು ಮೆಟ್ಟಿಲು, ನೀರು ಇಳಿದರೆ ಎಂಟು, ಒಂಬತ್ತು. ಅಂದರೆ ಅವರು ಹೇಳುವ ಅಂಕ ಚಿಕ್ಕದಾದಷ್ಟೂ ನೋವು ದೊಡ್ಡದು.

ಅಂದಿನಿಂದ ನನ್ನ ನೀಲಿ ರಟ್ಟಿನ ಪುಸ್ತಕದಲ್ಲಿ ‘ಒಣ ಮೆಟ್ಟಿಲು’ ಎಂಬ ಅಂಕಣ ಹಾಕಿದೆ. ಅವರು ಹೇಳಿದ್ದನ್ನು ಅಲ್ಲಿ ಬರೆದು, ಹತ್ತರಿಂದ ಕಳೆದು, ಉಳಿದ ಅಂಕವನ್ನು ಆಸ್ಪತ್ರೆಯ ಕಡತಕ್ಕೆ ಏರಿಸುತ್ತಿದ್ದೆ. ಹೀಗೆ ಕಳೆಯುತ್ತಿದ್ದೇನೆಂಬ ಒಂದು ಸಾಲಿನ ಟಿಪ್ಪಣಿ ಕಡತದಲ್ಲಿ ಇರಬೇಕಿತ್ತು. ನಾನು ಬರೆಯಲಿಲ್ಲ. ನನ್ನ ರೋಗಿಯ ಭಾಷೆ ನನಗೆ ಗೊತ್ತಿದೆ, ಇನ್ನೊಬ್ಬರಿಗೇಕೆ ಎಂಬ ಹೆಮ್ಮೆ. ಇದು ನನ್ನ ಮೊದಲನೆಯ ತಪ್ಪು.

ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಐದು ಮಿಲಿಗ್ರಾಮಿನಿಂದ ಶುರುಮಾಡಿ, ಮಲಬದ್ಧತೆಗೆ ಮದ್ದು ಸೇರಿಸಿ, ಹಂತಹಂತವಾಗಿ ಏರಿಸಿ, ಡಿಸೆಂಬರಿನ ಹೊತ್ತಿಗೆ ಇಪ್ಪತ್ತಕ್ಕೆ ನಿಲ್ಲಿಸಿದ್ದೆವು. ಎಂಟು ಒಣ ಮೆಟ್ಟಿಲು. ಅವರು ಜಗಲಿಗೆ ಬಂದು ಕುಳಿತು ಹೋಗಿಬರುವ ದೋಣಿಗಳ ತಪ್ಪು ಹುಡುಕುವಷ್ಟು ಚೇತರಿಸಿಕೊಂಡಿದ್ದರು.

ಜನವರಿ 30ರಂದು ಕ್ಯಾಂಟೀನಿನ ಪಕ್ಕದ ಫಲಕದಲ್ಲಿ ಒಂದು ಸೂಚನೆ ಅಂಟಿಸಿದ್ದರು. ಮನೆಭೇಟಿಯ ರೋಗಿಗಳನ್ನು ಇನ್ನು ಮುಂದೆ ಡಾಕ್ಟರ್ ಸುಹಾಸ್ ನೋಡಿಕೊಳ್ಳುತ್ತಾರೆ. ನಾನು ಕುಮಟೆಯ ಹೆಂಗಸರ ವಾರ್ಡಿಗೆ. ಇದನ್ನು ನಾನು ಓದಿದ್ದು ಚಹಾದ ಲೋಟ ಕೈಯಲ್ಲಿ ಹಿಡಿದು, ಅಡುಗೆಯವರೊಂದಿಗೆ ನಿಂತು. ಆಸ್ಪತ್ರೆಯ ಕಾರ್ಯದರ್ಶಿಗಳ ಕೋಣೆಗೆ ಹೋದೆ. ಅವರು ತಲೆ ಎತ್ತದೆ, “ನಿಮ್ಮ ವಯಸ್ಸಿಗೆ ಓಡಾಟ ಬೇಡ ಅಂತ ಮಾಡಿದ್ದು ಸಿಸ್ಟರ್. ಉಪಕಾರ ಅಂದ್ಕೊಳ್ಳಿ,” ಎಂದರು. ಆಸ್ಪತ್ರೆಗೆ ಕೊಡುಗೆ ಕೊಡುವವರಿಗೆ ಸೂಜಿಚಿಕಿತ್ಸೆಯ ಮೇಲೆ ಪ್ರೀತಿ, ಮಾರ್ಫಿನ್ ಎಂದರೆ ಮತ್ತಿನ ಮದ್ದೆಂಬ ಭಯ ಎನ್ನುವುದು ನನಗೆ ಆಮೇಲೆ ತಿಳಿಯಿತು.

ನೀಲಿ ಪುಸ್ತಕ ನನ್ನ ಬೀರುವಿನಲ್ಲಿಯೇ ಉಳಿಯಿತು. ಯಾರೂ ಕೇಳಲಿಲ್ಲ. ಕೇಳಿದರೆ ಕೊಡೋಣ ಎಂದು ನಾನೂ ಸುಮ್ಮನಿದ್ದೆ. ಇದು ಎರಡನೆಯ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು, ಏಕೆಂದರೆ ಇದನ್ನು ತಿಳಿದೇ ಮಾಡಿದೆ.

ಫೆಬ್ರವರಿ 9, ಶನಿವಾರ, ಸೂಜಿಯ ಸರದಿ ಕುಮಟೆಯಲ್ಲಿ. ಇಬ್ರಾಹಿಂ ಡ್ರಮ್ಮಿನ ನೀರು ಇಳಿಸಲು ವಾರ್ಡಿಗೆ ಬಂದವನು ಸುದ್ದಿಯನ್ನೂ ಇಳಿಸಿದ. “ನಿಮ್ ದೋಣಿ ಅಜ್ಜಂಗೆ ಬಾರೀ ಗುಣ ಸಿಸ್ಟರ್! ಎಂಟಿತ್ತಂತೆ ನೋವು. ಸೂಜಿ ಹಾಕಿ ಹಾಕಿ ಐದಕ್ಕೆ ತಂದ್ರಂತೆ. ಮತ್ತಿನ ಮಾತ್ರೆನೂ ಕಮ್ಮಿ ಮಾಡಿದ್ರಂತೆ.”

ಎಂಟು ಎಂದರೆ ಏನೆಂದು ಮೂರು ತಾಲೂಕುಗಳಲ್ಲಿ ಬಲ್ಲ ಶುಶ್ರೂಷಕಿ ನಾನೊಬ್ಬಳೇ. ಐದಕ್ಕೆ ಬಂದರೆ ನೀರು ಅರ್ಧದಷ್ಟು ಮೆಟ್ಟಿಲುಗಳನ್ನು ಮುಳುಗಿಸಿದೆ ಎಂದು ಆ ಕ್ಷಣವೇ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಿವಿಗೆ ಬಿದ್ದದ್ದು ಒಂದೇ: ನನ್ನಿಂದಾಗದ್ದು ಅವರಿಂದಾಯಿತು. ಇಷ್ಟು ದಿನ ಜಟ್ಟಪ್ಪನವರು ನನಗೆ ಸಂಕೋಚದಿಂದ ಸುಳ್ಳು ಹೇಳಿದ್ದರೇನೋ, ಆ ಹುಡುಗನಿಗೆ ನಿಜ ಹೇಳಿದರೇನೋ ಎಂದು ರೋಗಿಯ ಮೇಲೂ ಮುನಿಸಿಕೊಂಡೆ. ಹದಿನಾರನೆಯ ತಾರೀಖು ಮತ್ತೆ ಸುದ್ದಿ ಬಂತು. ಈಗ ಎರಡಕ್ಕೆ ಇಳಿದಿದೆಯಂತೆ; ಪತ್ರಿಕೆಯವರು ಬಂದು ಫೋಟೋ ತೆಗೆದರಂತೆ.

ಫೆಬ್ರವರಿ 18, ಸೋಮವಾರ ನನ್ನ ರಜೆ. ಬೆಳಿಗ್ಗೆ ಹೊನ್ನಾವರದ ಬಸ್ಸು ಹತ್ತಿದೆ. ಮರುಕದಿಂದ ಹೋದೆನೆಂದು ಬರೆದರೆ ಸುಳ್ಳಾಗುತ್ತದೆ. ಆ ಚಿಕಿತ್ಸೆಯಲ್ಲಿ ಏನಾದರೊಂದು ಕೊರತೆ ಕಂಡೀತೇ ಎಂದು ಹುಡುಕಲು ಹೋದೆ. ಹಳದೀಪುರ ದಾಟುವಾಗಲೂ ಮನಸ್ಸಿನಲ್ಲಿ ಅದೇ ಇತ್ತು.

ಮನೆ ತಲುಪಿದಾಗ ಹನ್ನೊಂದು ಗಂಟೆ. ಜಟ್ಟಪ್ಪನವರು ಗೋಡೆಗೆ ಮುಖ ಮಾಡಿ, ಮರದ ಕೊರಡಿನಂತೆ ಅಲುಗಾಡದೆ ಮಲಗಿದ್ದರು. ಬಾಯಲ್ಲಿ ಪಂಚೆಯ ಚುಂಗಿತ್ತು. ಮಾದೇವಿ ನನ್ನನ್ನು ಕಂಡು ಕಣ್ಣೊರೆಸಿಕೊಂಡಳು.

“ಎಂತ ಜಟ್ಟಪ್ಪನವರೇ? ಎಷ್ಟು ಮೆಟ್ಟಿಲು?”

ಚುಂಗನ್ನು ತೆಗೆದರು. “ಒಂದೂವರೆ, ಅಮ್ಮ. ಶುಕ್ರವಾರ ಎರಡಿತ್ತು.”

ಮಂಚದ ಬದಿಯಲ್ಲಿ ನೆಲಕ್ಕೆ ಕುಳಿತೆ.

“ಡಾಕ್ಟರಿಗೆ ಹೇಳಲಿಲ್ಲವೇ?”

“ಹೇಳ್ತಾನೇ ಇದ್ದೆ. ಎಂಟು ಅಂದೆ, ಆರು ಅಂದೆ, ಐದು, ಮೂರು, ಎರಡು. ಪ್ರತಿ ಸಲನೂ ಅವ್ರು ನಕ್ಕಂಡು ಭೇಷ್ ಜಟ್ಟಪ್ಪ ಅಂದ್ರು. ನೀರ್ ಏರ್ತಿದ್ದದ್ದು ಅವ್ರಿಗೆ ಗೊತ್ತದೆ, ಕೊಡೂಕೆ ಮತ್ತೆಂತದೂ ಇಲ್ಲ, ಅದ್ಕೇ ಧೈರ್ಯ ಹೇಳ್ತ್ರು ಅಂದ್ಕಂಡೆ.”

ಮಾದೇವಿ ನಡುವೆ ಬಾಯಿ ಹಾಕಿದಳು. “ಡಾಕ್ಟ್ರ ಜೀಪಿನ ಸದ್ದಾದ್ರೆ ಸಾಕು, ಅಂಗಿ ಹಾಕು, ದಿಂಬು ಕೊಟ್ಟು ಕೂರ್ಸು ಅಂತ್ರು. ಅವ್ರು ಇರೂವಷ್ಟು ಹೊತ್ತು ತುಟಿ ಪಿಟ್ಟೆನ್ನೂದಿಲ್ಲ.”

ನಮ್ಮ ಕರಾವಳಿಯ ಮನೆಗಳಲ್ಲಿ ವೈದ್ಯರೆಂದರೆ ಅತಿಥಿ. ರೋಗಿಗೆ ಕೂದಲು ಬಾಚಿ, ಒಗೆದ ಅಂಗಿ ತೊಡಿಸಿ ಕೂರಿಸುತ್ತಾರೆ. ತಿಂಗಳುಗಟ್ಟಲೆ ನೋವುಂಡವರು ಕೂಗುವುದೂ ಇಲ್ಲ. ಅಲುಗದೆ ಇರುವುದನ್ನು ಕಲಿತಿರುತ್ತಾರೆ. ಆ ನಿಶ್ಚಲತೆಯನ್ನು ಡಾಕ್ಟರ್ ಸುಹಾಸ್ ಶಮನವೆಂದು ಓದಿದ್ದರು. ಮಾರ್ಫಿನ್ ಇಪ್ಪತ್ತರಿಂದ ಹತ್ತಕ್ಕೆ, ಹತ್ತರಿಂದ ಐದಕ್ಕೆ ಇಳಿದಿತ್ತು. ಮನೆಗೆ ಎಣಿಸಿ ಕೊಟ್ಟಿದ್ದ ಮಾತ್ರೆ ಮುಗಿದಿತ್ತು. ಮಾತ್ರೆಯ ಪೆಟ್ಟಿಗೆಗೆ ಎರಡು ಬೀಗ, ಎರಡೂ ಬೀಗದ ಕೈ ವೈದ್ಯರ ಹತ್ತಿರ. ಪೆಟ್ಟಿಗೆ ಜೀಪಿನಲ್ಲಿ. ಜೀಪು ಭಟ್ಕಳದಲ್ಲಿ.

ಬಂದರು ರಸ್ತೆಯ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿದಾಗ ಹನ್ನೊಂದು ಇಪ್ಪತ್ತು.

“ಸಿಸ್ಟರ್, ಇಲ್ಲಿ ನಲವತ್ತು ಜನ ಕಾಯ್ತಿದ್ದಾರೆ. ಶುಕ್ರವಾರ ಅವರ ಅಂಕ ಎರಡಿತ್ತಲ್ಲ?”

“ಎರಡು ಒಣ ಮೆಟ್ಟಿಲು, ಡಾಕ್ಟರೇ. ಉಳಿದ ಎಂಟು ನೀರಿನೊಳಗೆ. ಅವರು ಎಣಿಸುವುದು ಮೇಲಿನಿಂದ. ಎಂಟು ಅಂದಾಗ ಅವರು ಆರಾಮಾಗಿದ್ದರು.”

ಬೂತಿನ ಮೀಟರು ಓಡುತ್ತಿತ್ತು. ಆಮೇಲೆ, “ಬಂದೆ,” ಎಂದಷ್ಟೇ ಹೇಳಿದರು.

ಜೀಪು ಮನೆ ಮುಂದೆ ನಿಂತಾಗ ಹನ್ನೆರಡು ಮುಕ್ಕಾಲು. ಆ ಎಂಬತ್ತೈದು ನಿಮಿಷಗಳ ಉದ್ದ ನನಗೆ ಗೊತ್ತು. ನಾನು ಅವರ ಸೊಂಟದ ಕೆಳಗೆ ದಿಂಬು ಸರಿಪಡಿಸುತ್ತ, ಬೆವರು ಒರೆಸುತ್ತ, ಸಂಕಟಕ್ಕೆ ಏನೂ ಮಾಡಲಾರದೆ ಕುಳಿತಿದ್ದೆ. ಒಮ್ಮೆ ಅವರು, “ಇವತ್ತು ಬರೂದಿಲ್ವಾ ಅಮ್ಮ?” ಎಂದರು. ನನಗದು ‘ಬರೆಯೂದಿಲ್ವಾ’ ಎಂದು ಕೇಳಿಸಿತು; ಏನನ್ನು ಬರೆಯಲಿ ಎನ್ನಬೇಕೆನಿಸಿತು. ಆಮೇಲೆ ತಿಳಿಯಿತು, ಅವರು ಕಾಯುತ್ತಿದ್ದದ್ದು ಡಾಕ್ಟರನ್ನು.

ಡಾಕ್ಟರ್ ಸುಹಾಸ್ ಹತ್ತು ಮಿಲಿಗ್ರಾಂ ಕೊಟ್ಟರು. ಗಂಟೆಯ ನಂತರ ನೋಡಿ ಮತ್ತೆ ಹತ್ತು. ಆಮೇಲೆ ಒಬ್ಬರೇ ಎದ್ದು ಕಟ್ಟೆಗೆ ಹೋಗಿ, ಮೆಟ್ಟಿಲುಗಳ ಮುಂದೆ ಬಹಳ ಹೊತ್ತು ನಿಂತರು. ಮರಳಿ ಬಂದು ಜಟ್ಟಪ್ಪನವರ ಕಾಲಬುಡದಲ್ಲಿ ಕುಳಿತು, “ನನ್ನಿಂದ ತಪ್ಪಾಯಿತು. ನಾನು ಕೆಳಗಿನಿಂದ ಎಣಿಸಿದೆ,” ಎಂದರು. ನಾನೂ ಮುಂದೆ ಬಂದು, ಎಣಿಕೆಯ ರೀತಿ ಗೊತ್ತಿದ್ದೂ ತಿಳಿಸದೆ ಉಳಿದದ್ದಕ್ಕೆ ಕ್ಷಮೆ ಕೇಳಿದೆ.

ಜಟ್ಟಪ್ಪನವರ ಮುಖದ ಬಿಗಿತ ಸಡಿಲಾಗಿತ್ತು. “ಎಂತ ಡಾಕ್ಟ್ರೇ, ಇಷ್ಟ್ ಓದಿ ಇಷ್ಟೇಯ? ನೀರಡಿಗೆ ಇದ್ದದ್ನ ಯಾರಾದ್ರೂ ಎಣಿಸ್ತ್ರ? ಕಾಣೂದ್ನ ಎಣಿಸ್ಬೇಕಪ್ಪ,” ಎಂದು ನಕ್ಕರು. ಮೂರು ವಾರದಲ್ಲಿ ಅದೇ ಮೊದಲ ನಗು ಎಂದು ಮಾದೇವಿ ಹೇಳಿದಳು.

ಜಗಲಿಗೆ ಬಂದಾಗ ಡಾಕ್ಟರು, “ನೀವು ಮೊದಲೇ ಹೇಳಬಹುದಿತ್ತು ಸಿಸ್ಟರ್,” ಎಂದರು.

“ನೀವು ಮೊದಲೇ ಕೇಳಬಹುದಿತ್ತು,” ಎಂದೆ.

ಇಬ್ಬರ ಮಾತೂ ಸರಿಯಿತ್ತು. ಅದೇ ಸಂಕಟದ ಸಂಗತಿ. ಹೊಸ ಪ್ರಮಾಣವನ್ನು ದಾಖಲಿಸಲು ಅವರು ಕಡತವನ್ನು ನನ್ನ ಕೈಗಿತ್ತರು. ಪುಟ ತಿರುಗಿಸುವಾಗ ಫೆಬ್ರವರಿ ಒಂದರ ಸಾಲು ಕಂಡಿತು. ಅವರದೇ ಅಕ್ಷರ. ಮೇಲೆ ನಾನು ಕಳೆದು ಬರೆದಿದ್ದ ಎರಡು, ಅದರ ಕೆಳಗೆ ಅಂದು ಅವರು ಕೇಳಿ ಬರೆದ ಎಂಟು. ‘ಹಿಂದಿನ ನೋವಿನ ಅಂಕಗಳು ವಿಶ್ವಾಸಾರ್ಹವಲ್ಲ; ಶುಶ್ರೂಷಕಿ ವಾಸ್ತವಕ್ಕಿಂತ ಕಡಿಮೆ ತೋರಿಸಿದ್ದಾರೆ.’ ಕೆಳಗೆ ಕಾರ್ಯದರ್ಶಿಗಳ ಸಹಿ. ಬೆರಳಿಟ್ಟು ತೋರಿಸಿದೆ. ಡಾಕ್ಟರ ಮುಖ ಕೆಂಪಾಯಿತು. “ಸರಿಪಡಿಸೋಣ,” ಎಂದರು.

ಮೂರನೆಯ ದಿನಕ್ಕೆ ಮಾರ್ಫಿನ್ ಇಪ್ಪತ್ತಕ್ಕೆ ಮರಳಿತು, ಒಣ ಮೆಟ್ಟಿಲು ಏಳಕ್ಕೆ. ಮನೆಭೇಟಿಯೂ ಮತ್ತೆ ನನಗೆ ಬಂತು, ಈ ಸಲ ಡಾಕ್ಟರ ಜೊತೆಗೆ. ಸೂಜಿ ಇನ್ನು ಸಾಕು ಎಂದು ಜಟ್ಟಪ್ಪನವರೇ ಹೇಳುತ್ತಾರೆಂದು ನಾನು ಕಾದಿದ್ದೆ. ಅವರು ಹೇಳಿದ್ದು ಬೇರೆ.

“ಸೂಜಿಯೂ ಇರ್ಲಿ ಅಮ್ಮ. ವಾಕರಿಕೆ ಕಮ್ಮಿ ಆಗ್ತದೆ. ಮತ್ತೆ... ಅವ್ರು ಇಪ್ಪತ್ ಮಿನಿಟು ಕೂತ್ಕಂತ್ರು. ಹೊಳೆ ಸುದ್ದಿ ಕೇಳ್ತ್ರು. ನೀವು ಬಂದ್ರೆ ಬರೀತಾನೇ ಇರ್ತ್ರಿ.”

ನಾನು ಆ ಪುಸ್ತಕಕ್ಕೆ ಅಷ್ಟು ಹೊತ್ತು ಕೊಟ್ಟದ್ದು ಅವರಿಗಾಗಿಯೇ. ಆದರೂ ಅವರು ಹೇಳಿದ್ದು ನಿಜ. ಸೂಜಿಯಲ್ಲಿ ಮದ್ದಿರಲಿಲ್ಲ, ಸೂಜಿ ಚುಚ್ಚಿದವರು ಅದನ್ನು ಬಿಟ್ಟು ಎದ್ದುಹೋಗುವಂತಿರಲಿಲ್ಲ. ನನ್ನ ಮಾತ್ರೆ ನುಂಗಿಸಿದ ಮೇಲೆ ನಾನು ಎದ್ದುಹೋಗಬಹುದಿತ್ತು, ಹೋಗುತ್ತಿದ್ದೆ. ಅಂದಿನಿಂದ ಡಾಕ್ಟರು ಸೂಜಿ ಹಾಕುವಾಗ ನಾನು ರೋಗಿಯ ಕಾಲು ಹಿಡಿದು ಕುಳಿತೆ. ಒಳಗಿನ ಕಿಚ್ಚು ಆರಿರಲಿಲ್ಲ. ಕೈ ಮಾತ್ರ ಅಲುಗಲಿಲ್ಲ.

ಮಾರ್ಚ್ 27, ಬುಧವಾರ ಬೆಳಿಗ್ಗೆ ಜಟ್ಟಪ್ಪನವರು ತೀರಿಕೊಂಡರು. ಹಿಂದಿನ ದಿನದ ಅಂಕ ನೀಲಿ ಪುಸ್ತಕದಲ್ಲಿದೆ: ಒಣ ಮೆಟ್ಟಿಲು ಒಂಬತ್ತು.

ಅದೇ ಡಿಸೆಂಬರಿನಲ್ಲಿ ಆಸ್ಪತ್ರೆಯ ವಾರ್ಷಿಕ ಸಂಚಿಕೆ ಹೊರಬಂತು. ‘ಮೆಟ್ಟಿಲು ಮಾಪನ: ನಮ್ಮ ಆಸ್ಪತ್ರೆಯ ಹೊಸ ಹಾದಿ’ ಎಂಬ ಲೇಖನ, ಲೇಖಕರು ಡಾಕ್ಟರ್ ಸುಹಾಸ್. ಜೊತೆಗೆ ಅವರು ಸೂಜಿ ಹಾಕುತ್ತಿರುವ ಚಿತ್ರ. ಅಂಚು ಕತ್ತರಿಸಿದ ಆ ಚಿತ್ರದಲ್ಲಿ ರೋಗಿಯ ಪಾದವನ್ನು ಹಿಡಿದ ಒಂದು ಕೈ ಮಾತ್ರ ಉಳಿದಿದೆ. ಆ ಕೈ ನನ್ನದು. ತಪ್ಪು ಎಣಿಕೆಯಿಂದ ಜಟ್ಟಪ್ಪನವರು ನೋವುಂಡ ಹದಿನೇಳು ದಿನಗಳ ಉಲ್ಲೇಖ ಲೇಖನದಲ್ಲಿಲ್ಲ. ಕಡತದ ಸಾಲನ್ನು ತೆಗೆಸುವಂತೆ 2002ರಲ್ಲಿ ಒಮ್ಮೆ, 2004ರಲ್ಲಿ ಒಮ್ಮೆ, 2008ರಲ್ಲಿ ನಿವೃತ್ತಿಯ ದಿನ ಒಮ್ಮೆ ಲಿಖಿತವಾಗಿ ಕೇಳಿದೆ. ಮೂರಕ್ಕೂ ಉತ್ತರವಿಲ್ಲ. ನಿವೃತ್ತಿಯ ಸಭೆಯಲ್ಲಿ ಶಾಲು ಹೊದಿಸಿದರು. ಶಾಲನ್ನು ಯಾರೂ ಕೇಳಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದನ್ನು ಹೊಸ ಶುಶ್ರೂಷಕಿಯರಿಗೆ ಹೀಗೆ ಹೇಳುತ್ತಿದ್ದೆ. ರೋಗಿ ಹೇಳುವ ಅಂಕವನ್ನು ಬರೆಯುವ ಮೊದಲು, ಅವರು ಯಾವ ತುದಿಯಿಂದ ಎಣಿಸುತ್ತಿದ್ದಾರೆಂದು ಕೇಳಿ. ಬರೆದು ಮುಗಿದ ಮೇಲೆ ಪುಸ್ತಕ ಮುಚ್ಚಿ ಇಪ್ಪತ್ತು ನಿಮಿಷ ಕುಳಿತುಕೊಳ್ಳಿ. ನಿಮಗೆ ತಿಳಿದದ್ದನ್ನು ಬೀರುವಿನಲ್ಲಿ ಇಡಬೇಡಿ; ನೀವು ಸೆಟೆದುಕೊಂಡಿರುವಷ್ಟು ದಿನ ಅದರ ನೋವನ್ನು ಇನ್ನೊಬ್ಬರ ಬೆನ್ನುಮೂಳೆ ತಿನ್ನುತ್ತದೆ.

ಕಾರ್ಯದರ್ಶಿಗಳೇ, ಡಾಕ್ಟರ್ ಸುಹಾಸ್ ಅವರೇ, ನೀವಿಬ್ಬರೂ ಇದನ್ನು ಓದುವಿರೆಂದು ಬಲ್ಲೆ. ಫೆಬ್ರವರಿ ಒಂದರಿಂದ ಹದಿನೆಂಟರವರೆಗೆ ಆ ಮನುಷ್ಯ ನೀರು ಏರುತ್ತಿದೆ ಎಂದು ಹದಿನೇಳು ದಿನ ಹೇಳುತ್ತಿದ್ದ. ಅವುಗಳಲ್ಲಿ ಇಬ್ರಾಹಿಂ ಬಂದು ಸುದ್ದಿ ಹೇಳಿದ ಮೇಲಿನ ಒಂಬತ್ತು ದಿನಗಳು ನನ್ನ ಪಾಲಿನವು. ಅವನ್ನು ಇಲ್ಲಿ ನನ್ನ ಕೈಯಾರೆ ಬರೆದಿದ್ದೇನೆ. ಮೊದಲಿನ ಎಂಟು ದಿನ ನಿಮ್ಮವು. ನನ್ನ ಹೆಸರಿನ ಮೇಲೆ ಹಾಕಿದ ಆ ಸಾಲನ್ನು ಹೊಡೆದುಹಾಕಿ, ನಿಮ್ಮ ಎಂಟನ್ನು ಅದೇ ಕಡತದಲ್ಲಿ ಬರೆಯುವವರು ಯಾರು?